ಪೋಷಕತ್ವಕ್ಕೆ ಬರುವ ಮಗುವಿಗೆ ಚರ್ಚು ಹೇಗೆ ಆಸರೆಯಾಗಬಹುದು: ದಾವಣಗೆರೆ, ಚಿತ್ರದುರ್ಗದ ಸಭೆಗಳಿಗೆ ಸಮಗ್ರ ಮಾರ್ಗದರ್ಶಿ

ಮಗು ಬಂದ ಮೊದಲ ಭಾನುವಾರ ಆ ಮನೆಗೆ ಐದು ಕಡೆಯಿಂದ ಊಟದ ಡಬ್ಬಿ ಬರುತ್ತದೆ. ಎರಡನೇ ವಾರ ಎರಡು. ನಾಲ್ಕನೇ ತಿಂಗಳಿಗೆ ಬಂದರೆ, ಮಗು ಇನ್ನೂ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಿದೆ, ಹಳೇ ಶಾಲೆಯಿಂದ ಟಿ.ಸಿ. ಬಂದಿಲ್ಲ, ಸರ್ಕಾರದ ಹಣ ಖಾತೆಗೆ ಬಿದ್ದಿಲ್ಲ, ಮನೆಯಾಕೆಗೆ ನಿದ್ದೆಗೆಟ್ಟು ತಲೆ ಸಿಡಿಯುತ್ತಿದೆ. ಆಗ ಬಾಗಿಲು ತಟ್ಟುವವರು ಒಬ್ಬರೂ ಇಲ್ಲ. ಚರ್ಚಿನ ನೆರವು ಎಡವುವುದು ಇಲ್ಲೇ. ಆ ನಾಲ್ಕನೇ ತಿಂಗಳಿಗೆ ಮೊದಲ ದಿನದಿಂದಲೇ ಹೇಗೆ ತಯಾರಾಗಬೇಕು ಎಂಬುದೇ ಈ ಮಾರ್ಗದರ್ಶಿಯ ಮುಖ್ಯ ವಿಷಯ.

ಈ ಎರಡು ಜಿಲ್ಲೆಗಳ ಕಥೊಲಿಕ ಧರ್ಮಕೇಂದ್ರಗಳು ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿವೆ. ಸಿಎಸ್‌ಐ ಸಭೆಗಳು, ಸ್ವತಂತ್ರ ಸಭೆಗಳು ಬೇರೆ. ಆಡಳಿತ ಯಾವುದಾದರೂ ಕೆಲಸ ಒಂದೇ. ನಲವತ್ತು ಮನೆಗಳ ಸಣ್ಣ ಸಭೆ ಕೂಡ ಒಂದು ಪೋಷಕ ಕುಟುಂಬವನ್ನು ಚೆನ್ನಾಗಿ ನೋಡಿಕೊಳ್ಳಬಲ್ಲದು. ನಾನೂರು ಮನೆಗಳ ಧರ್ಮಕೇಂದ್ರ ಹತ್ತು ಕುಟುಂಬಗಳಿಗೆ ಒಟ್ಟಿಗೇ ಕೈಹಾಕುವುದು ಬೇಡ, ಅಲ್ಲೂ ಒಂದರಿಂದಲೇ ಶುರುಮಾಡಿ.

ಮೂರು ಪದಗಳ ಗೊಂದಲ ಬಿಡಿಸಿಕೊಳ್ಳಿ

ದತ್ತು, ಪೋಷಕತ್ವ, ಪ್ರಾಯೋಜಕತ್ವ. ಜನ ಮೂರನ್ನೂ ಒಂದೇ ಉಸಿರಿಗೆ ಹೇಳುತ್ತಾರೆ, ಆದರೆ ಮೂರರ ನಿಯಮವೂ ಬೇರೆ.

ದತ್ತು ಎಂದರೆ ಮಗು ಕಾಯಂ ಆಗಿ ನಿಮ್ಮದಾಗುವುದು. ಅದಕ್ಕೆ ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರವಾದ ಕಾರಾ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ ಸರದಿ ಕಾಯಬೇಕು. ಪೋಷಕತ್ವದಲ್ಲಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಮಗು ನಿಮ್ಮ ಮನೆಯಲ್ಲಿ ಬೆಳೆಯುತ್ತದೆ, ಅದರ ಹೆಸರು, ಜಾತಿ, ಧರ್ಮ, ಕಾನೂನಿನ ತಂದೆತಾಯಿ ಯಾವುದೂ ಬದಲಾಗುವುದಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 44ನೇ ಕಲಮು ಇದಕ್ಕೆ ಆಧಾರ. ಪ್ರಾಯೋಜಕತ್ವದಲ್ಲಿ ಮಗು ತನ್ನ ತಾಯಿ, ಅಜ್ಜಿ ಅಥವಾ ಸೋದರಮಾವನ ಬಳಿಯೇ ಇರುತ್ತದೆ, ಆ ಮನೆಗೆ ಹಣದ ನೆರವು ಸಿಗುತ್ತದೆ (45ನೇ ಕಲಮು). ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಅಡಿಯಲ್ಲಿ ಪೋಷಕತ್ವಕ್ಕೂ ಪ್ರಾಯೋಜಕತ್ವಕ್ಕೂ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ಇದೆ. ಪ್ರಾಯೋಜಕತ್ವಕ್ಕೆ ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಉಳಿದ ಕಡೆ 96,000 ರೂಪಾಯಿ ದಾಟಿರಬಾರದು.

ಚರ್ಚುಗಳಿಗೆ ನಾಲ್ಕನೆಯದೊಂದು ಅಭ್ಯಾಸವೂ ಇದೆ, ಹಾಸ್ಟೆಲ್ ತೆರೆಯುವುದು. ಆಸರೆ ಇಲ್ಲದ ಮಕ್ಕಳನ್ನು ನೋಂದಣಿ ಇಲ್ಲದ ಸಂಸ್ಥೆಯಲ್ಲಿ ಇಟ್ಟುಕೊಂಡರೆ 42ನೇ ಕಲಮಿನಡಿ ಒಂದು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಶಿಕ್ಷೆಯ ಮಾತು ಅತ್ತ ಇರಲಿ. ಮಗುವಿಗೆ ಬೇಕಿರುವುದು ಸಂಜೆ ಮನೆಗೆ ಬಂದಾಗ ಒಂದೇ ಮುಖ ಕಾಣುವುದು. ಐವತ್ತು ಮಂಚಗಳ ಹಾಲ್ ಎಷ್ಟೇ ಚೊಕ್ಕಟವಾಗಿದ್ದರೂ ಅದನ್ನು ಕೊಡಲಾರದು.

ದಾರಿಯಲ್ಲಿ ಮಗು ಸಿಕ್ಕರೆ

ದಾವಣಗೆರೆ ರೈಲು ನಿಲ್ದಾಣದಲ್ಲೋ, ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲೋ ಒಂಟಿ ಮಗು ಕಂಡರೆ ಸಭೆಯ ಒಳ್ಳೆಯ ಮನಸ್ಸಿನವರು ನೇರ ಮನೆಗೆ ಕರೆತಂದುಬಿಡುತ್ತಾರೆ. ತಪ್ಪು. 24 ಗಂಟೆಯೊಳಗೆ (ಪ್ರಯಾಣದ ಸಮಯ ಬಿಟ್ಟು) ಮಕ್ಕಳ ಸಹಾಯವಾಣಿ 1098ಕ್ಕೆ, ಪೊಲೀಸರಿಗೆ, ಮಕ್ಕಳ ಕಲ್ಯಾಣ ಸಮಿತಿಗೆ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ ಬೀಳಬಹುದು. ಆಸ್ಪತ್ರೆಯಲ್ಲಿ ಬಿಟ್ಟುಹೋದ ಕೂಸನ್ನು ಮಕ್ಕಳಿಲ್ಲದ ದಂಪತಿಗೆ ಕೈಯಿಂದ ಕೈಗೆ ಕೊಡಿಸುವುದಂತೂ ಇನ್ನೂ ದೊಡ್ಡ ಅಪರಾಧ. 80ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಸೆರೆ ಇದೆ. ಮಧ್ಯಸ್ಥಿಕೆ ವಹಿಸಿದ ಫಾದರ್ ಅಥವಾ ಪಾಸ್ಟರ್ ಕೂಡ ಅದರಲ್ಲಿ ಸಿಕ್ಕಿಬೀಳುತ್ತಾರೆ.

ತಂಡ ಕಟ್ಟುವುದು

ಆರು ಜನ ಸಾಕು. ಒಬ್ಬರು ಸಂಯೋಜಕರು, ಒಬ್ಬರು ಕಾಗದಪತ್ರಕ್ಕೆ, ಒಬ್ಬರು ಊಟದ ಸರದಿಗೆ, ಒಬ್ಬರು ಆಸ್ಪತ್ರೆ ಮತ್ತು ಓಡಾಟಕ್ಕೆ, ಒಬ್ಬರು ಪಾಠಕ್ಕೆ, ಒಬ್ಬರು ಲೆಕ್ಕಕ್ಕೆ.

ಸಂಯೋಜಕರು ಗುರುಗಳಾಗಲಿ ಸಭಾಪಾಲಕರಾಗಲಿ ಆಗಿರಬಾರದು. ಕಾರಣ ಸರಳ: ಅವರಿಗೆ ವರ್ಗವಾಗುತ್ತದೆ. ಕಚೇರಿಯ ಯಾವ ಟೇಬಲ್‌ಗೆ ಯಾವ ಅರ್ಜಿ ಹೋಗಿದೆ, ಮಗುವಿನ ತಾಯಿಯ ಫೋನ್ ಯಾರ ಮೂಲಕ ಸಿಗುತ್ತದೆ ಎಂಬುದೆಲ್ಲ ಅವರ ಜೊತೆಗೇ ಬೇರೆ ಊರಿಗೆ ಹೋಗಿಬಿಡುತ್ತದೆ. ನಿವೃತ್ತ ಮೇಷ್ಟ್ರು, ನರ್ಸ್, ಅಂಗನವಾಡಿ ಅಥವಾ ಬ್ಯಾಂಕಿನಲ್ಲಿ ಕೆಲಸ ಮಾಡಿದವರು ಇದಕ್ಕೆ ಹೇಳಿಮಾಡಿಸಿದವರು. ಅವರಿಗೆ ಕಚೇರಿಯ ನಡವಳಿಕೆ ಗೊತ್ತು, ಮೂರು ಸಲ ಅಲೆದರೂ ಬೇಸರವಿಲ್ಲ.

ಕೆಲಸ ಶುರುವಾಗುವ ಮೊದಲೇ ಒಂದು ಪುಟದ ನಿಯಮ ಬರೆದು ಆರೂ ಜನ ಸಹಿ ಹಾಕಿ. ಮಗುವಿನ ಜೊತೆ ಹೊರಗಿನ ದೊಡ್ಡವರು ಯಾರೂ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರುವಂತಿಲ್ಲ. ಸ್ಕೂಟರಿನಲ್ಲಿ ಒಬ್ಬರೇ ಕರೆದೊಯ್ಯುವಂತಿಲ್ಲ, ಪೋಷಕ ತಾಯಿಯೋ ಇನ್ನೊಬ್ಬರೋ ಜೊತೆಗಿರಬೇಕು. ಹೊಡೆಯುವುದಿಲ್ಲ, ಚಿವುಟುವುದಿಲ್ಲ, ತಮಾಷೆಗೂ ಹೆದರಿಸುವುದಿಲ್ಲ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು. "ಸಭೆಯ ಹೆಸರು ಕೆಡುತ್ತದೆ, ಒಳಗೇ ಬಗೆಹರಿಸೋಣ" ಎನ್ನುವ ಹಿರಿಯರು ಎಲ್ಲ ಕಡೆಯೂ ಇರುತ್ತಾರೆ. ಅವರೂ ಆ ಪುಟಕ್ಕೆ ಸಹಿ ಹಾಕಲಿ.

ತಂಡದವರೆಲ್ಲ ಪೊಲೀಸ್ ಪರಿಶೀಲನಾ ಪತ್ರ ಮಾಡಿಸಿಕೊಳ್ಳಲಿ. ಇಪ್ಪತ್ತು ವರ್ಷದಿಂದ ಪರಿಚಯ ಇರುವವರಿಗೂ ವಿನಾಯಿತಿ ಬೇಡ.

ಕಚೇರಿಗೆ ಹೋಗುವುದು

ಪ್ರತಿ ಜಿಲ್ಲೆಯಲ್ಲೂ ಒಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕೈಕೆಳಗೆ. ಅಲ್ಲಿ ಅಸಾಂಸ್ಥಿಕ ಸೇವೆಗಳ ರಕ್ಷಣಾಧಿಕಾರಿಯನ್ನು ಕೇಳಿ, ಪೋಷಕತ್ವ ಅವರ ಟೇಬಲ್ಲಿನ ಕೆಲಸ. ಮೊದಲ ಭೇಟಿಗೆ ಇಬ್ಬರೇ ಹೋಗಿ. ಹತ್ತು ಜನ ಹಾರ ಶಾಲು ಹಿಡಿದು ಹೋದರೆ ಅಧಿಕಾರಿ ನಕ್ಕು ಫೋಟೋ ತೆಗೆಸಿಕೊಂಡು ಕಳಿಸುತ್ತಾರೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಕೇಳಬೇಕಾದ್ದು ಇಷ್ಟು: ಜಿಲ್ಲೆಯ ಬಾಲಮಂದಿರಗಳಲ್ಲಿ ಆರು ವರ್ಷ ದಾಟಿದ, ನೋಡಲು ಯಾರೂ ಬಾರದ ಮಕ್ಕಳಿಗೆ ಪೋಷಕ ಕುಟುಂಬ ಹುಡುಕುತ್ತಿದ್ದೀರಾ? ಅರ್ಜಿಯ ನಮೂನೆ, ಬೇಕಾದ ದಾಖಲೆಗಳ ಪಟ್ಟಿ ಕೊಡುತ್ತೀರಾ? ನಮ್ಮ ಸಭೆಗೆ ಬಂದು ಒಂದು ಗಂಟೆ ಮಾತಾಡುತ್ತೀರಾ? "ನಮಗೊಂದು ಮಗು ಕೊಡಿ" ಎಂದು ಮಾತ್ರ ಕೇಳಬೇಡಿ. ಮಗುವಿಗೆ ಕುಟುಂಬ ಹುಡುಕುತ್ತಾರೆಯೇ ಹೊರತು ಕುಟುಂಬಕ್ಕೆ ಮಗುವನ್ನಲ್ಲ. "ಮಗು ಕೊಡಿ" ಎಂಬ ಮಾತು ಕಿವಿಗೆ ಬಿದ್ದ ತಕ್ಷಣ ಅಧಿಕಾರಿಗೆ ನಿಮ್ಮ ಅಳತೆ ಸಿಕ್ಕಿಬಿಡುತ್ತದೆ.

ಕುಟುಂಬ ಆರಿಸುವುದು

ಪ್ರಸಂಗದ (ಚರ್ಚಿನ ಬೋಧನೆಯ) ಕೊನೆಗೆ ಭಾವುಕರಾಗಿ "ಯಾರು ಮುಂದೆ ಬರುತ್ತೀರಿ" ಎಂದು ಕೇಳಿದರೆ ಎಂಟು ಕೈ ಮೇಲೇಳುತ್ತವೆ, ಮನೆಗೆ ಹೋಗಿ ಅತ್ತೆಗೆ ಹೇಳಿದ ಮೇಲೆ ಏಳು ಕೆಳಗಿಳಿಯುತ್ತವೆ. ಅದರ ಬದಲು ಆರಾಧನೆ ಮುಗಿದ ಮೇಲೆ ಮುಕ್ಕಾಲು ಗಂಟೆಯ ಮಾಹಿತಿ ಸಭೆ ಇಡಿ. ಅಂದು ಯಾರ ಹೆಸರನ್ನೂ ಬರೆದುಕೊಳ್ಳಬೇಡಿ. ಮೂರು ವಾರ ಬಿಟ್ಟು, ಇನ್ನೂ ಮನಸ್ಸಿರುವವರು ತಾವಾಗಿಯೇ ಬಂದು ಸಂಯೋಜಕರನ್ನು ಕಾಣಲಿ.

ಪೋಷಕತ್ವಕ್ಕೆ ಕೇಂದ್ರ ಹೊರಡಿಸಿದ 2024ರ ಪರಿಷ್ಕೃತ ಮಾದರಿ ಮಾರ್ಗಸೂಚಿಯ ಪ್ರಕಾರ ದಂಪತಿಗಳಷ್ಟೇ ಅಲ್ಲ, 35ರಿಂದ 60 ವರ್ಷದೊಳಗಿನ ಅವಿವಾಹಿತರು, ವಿಧವೆಯರು, ವಿಚ್ಛೇದಿತರು ಕೂಡ ಪೋಷಕರಾಗಬಹುದು. ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ. ಮಕ್ಕಳು ಬೆಳೆದು ಬೆಂಗಳೂರು ಸೇರಿರುವ ಐವತ್ತರ ಆಸುಪಾಸಿನ ತಾಯಂದಿರು ಸಭೆಗಳಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರನ್ನು ಯಾರೂ ಕೇಳಿಯೇ ಇರುವುದಿಲ್ಲ.

ಮೂರು ಬಗೆಯ ಮನೆಗಳನ್ನು ಮೆಲ್ಲಗೆ ಬೇರೆ ದಾರಿಗೆ ಹಚ್ಚಿ. ಕೂಸು ಬೇಕೆನ್ನುವ ಮಕ್ಕಳಿಲ್ಲದ ದಂಪತಿಗೆ ದತ್ತಿನ ದಾರಿ ತೋರಿಸಿ. ತಾತ್ಕಾಲಿಕ ಎಂದು ಸಹಿ ಹಾಕಿ ಒಳಗೊಳಗೇ ಕಾಯಂ ಎಂದುಕೊಂಡವರಿಗೆ ಮಗು ತಾಯಿಯ ಬಳಿ ಮರಳುವ ದಿನ ನರಕ. "ಮನೆಗೆಲಸಕ್ಕೂ ಒಂದು ಕೈಯಾಗುತ್ತದೆ" ಎಂಬ ಮಾತು ಎಲ್ಲಾದರೂ ತೇಲಿಬಂದರೆ ಆ ಮನೆ ಬೇಡ. "ಒಂದು ಆತ್ಮ ರಕ್ಷಣೆಯಾಗುತ್ತದೆ" ಎಂದು ಬರುವವರೂ ಬೇಡ, ಅದರ ಮಾತು ಮುಂದಿದೆ.

ಕಾಗದಪತ್ರದ ಹೊಣೆ ಹೊತ್ತವರು ಆಧಾರ್, ವಾಸದ ದಾಖಲೆ, ಆದಾಯದ ದಾಖಲೆ, ಮದುವೆ ಪ್ರಮಾಣಪತ್ರ, ವೈದ್ಯಕೀಯ ತಪಾಸಣಾ ವರದಿ, ಪೊಲೀಸ್ ಪರಿಶೀಲನೆ, ಇಬ್ಬರು ಪರಿಚಿತರ ಹೇಳಿಕೆ, ಕುಟುಂಬದ ಫೋಟೋ ಇವೆಲ್ಲವನ್ನೂ ಎರಡೆರಡು ಪ್ರತಿ ಮಾಡಿಸಿ ಒಂದು ಫೈಲಿನಲ್ಲಿಡಲಿ. ಹೆಚ್ಚು ತಡವಾಗುವುದು ಹೆಸರಿನ ಕಾಗುಣಿತದಿಂದ: ಆಧಾರಿನಲ್ಲಿ ಒಂದು, ಚರ್ಚಿನ ಮದುವೆ ದಾಖಲೆಯಲ್ಲಿ ದೀಕ್ಷಾಸ್ನಾನದ ಹೆಸರು, ಬ್ಯಾಂಕಿನಲ್ಲಿ ಇನ್ನೊಂದು. ಅರ್ಜಿ ಹಾಕುವ ಮೊದಲೇ ಸರಿಮಾಡಿಸಿ. ಆಮೇಲೆ ಘಟಕದ ಕಡೆಯವರು ಮನೆ ನೋಡಲು, ಅಂದರೆ ಗೃಹ ಅಧ್ಯಯನಕ್ಕೆ, ಬರುತ್ತಾರೆ. ಅದಕ್ಕಾಗಿ ಗೋಡೆಗೆ ಸುಣ್ಣ ಹೊಡೆಸಬೇಕಿಲ್ಲ. ಮಗು ಮಲಗುವ ಜಾಗ, ಶೌಚಾಲಯದ ಬಾಗಿಲಿನ ಚಿಲಕ, ಮನೆಯ ಮಕ್ಕಳ ಮತ್ತು ಹಿರಿಯರ ಮನಸ್ಸು, ಅವರು ನೋಡುವುದು ಇಂಥವನ್ನು.

ಮೊದಲ ಚೀಲ

ಮಗು ಬಾಲಮಂದಿರದಿಂದ ಬರುವಾಗ ಸಾಮಾನು ಹೆಚ್ಚಿರುವುದಿಲ್ಲ. ಚರ್ಚು ಮೊದಲೇ ಸಿದ್ಧ ಮಾಡಿಡಬೇಕಾದ್ದು: ಜಿಪ್ ಇರುವ ಗಟ್ಟಿ ಚೀಲ ಒಂದು (ಪ್ಲಾಸ್ಟಿಕ್ ಕವರ್ ಬೇಡ, ಮಗು ಅದೇ ಚೀಲದಲ್ಲಿ ಹೊರಡಬಹುದು), ಟವೆಲ್ ಎರಡು, ಹೊಸ ಒಳಉಡುಪು ನಾಲ್ಕು ಜೊತೆ, ಟೂತ್‌ಬ್ರಷ್, ಬಾಚಣಿಗೆ, ಹೇನಿನ ಬಾಚಣಿಗೆ, ಕೊಬ್ಬರಿ ಎಣ್ಣೆ, ತೆಳು ಕೌದಿ ಅಥವಾ ಹೊದಿಕೆ, ಹಾಸಿಗೆಯ ಕೆಳಗೆ ಹಾಕಲು ರಬ್ಬರ್ ಶೀಟ್ ಒಂದು, ಹೆಚ್ಚುವರಿ ಬೆಡ್‌ಶೀಟ್ ಎರಡು, ರಾತ್ರಿ ಉರಿಯುವ ಸಣ್ಣ ದೀಪ, ನೋಟ್‌ಬುಕ್ ಮತ್ತು ಬಣ್ಣದ ಪೆನ್ಸಿಲ್. ಒಂಬತ್ತು ದಾಟಿದ ಹೆಣ್ಣುಮಗುವಾದರೆ ಪ್ಯಾಡಿನ ಪೊಟ್ಟಣ ಒಂದು.

ಮೇಲುಡುಪು, ಚಪ್ಪಲಿ ಮೊದಲೇ ತಂದಿಡಬೇಡಿ. ಮಗು ಬಂದ ಮೂರನೆಯ ದಿನ ಪೋಷಕ ತಾಯಿ ಪೇಟೆಗೆ ಕರೆದೊಯ್ದು ಬಣ್ಣವನ್ನು ಅದಕ್ಕೇ ಆರಿಸಲು ಬಿಡಲಿ, ಹಣ ಸಭೆ ಕೊಡಲಿ. ಅಲ್ಲಿಯವರೆಗೆ ತನ್ನದೆಂದು ಏನನ್ನೂ ಆರಿಸಿಕೊಂಡಿರದ ಮಗು ಅಂಗಡಿಯಲ್ಲಿ ಅರ್ಧ ಗಂಟೆ ನಿಂತೇ ಇರಬಹುದು. ಅವಸರ ಮಾಡಬೇಡಿ. ಚೀಲದ ಮೇಲೆ ಚರ್ಚಿನ ಹೆಸರು ಬೇಡ, ಒಳಗೆ ಕರಪತ್ರವೂ ಬೇಡ.

ಮೊದಲ ಹದಿನೈದು ದಿನ

ನೋಡಲು ಯಾರೂ ಹೋಗಬೇಡಿ. ಡಬ್ಬಿ ಕೊಡುವವರು ಬಾಗಿಲಲ್ಲೇ ಕೊಟ್ಟು ಬನ್ನಿ. ಮಗುವಿಗೆ ಆಗಲೇ ನಾಲ್ಕೈದು ಹೊಸ ಮುಖ ನೆನಪಿಡುವ ಪಾಡು.

ಊಟದ ಸರದಿ ಹೀಗಿರಲಿ: ಮೊದಲ ಎರಡು ವಾರ ದಿನ ಬಿಟ್ಟು ದಿನ ರಾತ್ರಿಯೂಟ, ಅಂದರೆ ಏಳು ಡಬ್ಬಿ. ಮುಂದಿನ ಹತ್ತು ವಾರ ವಾರಕ್ಕೊಂದು. ಒಟ್ಟು ಹದಿನೇಳು. ಆರು ಮನೆ ಹಂಚಿಕೊಂಡರೆ ಒಂದೊಂದಕ್ಕೆ ಮೂರು ಸಹ ಬರುವುದಿಲ್ಲ, ಆದರೆ ಮೂರು ತಿಂಗಳು ನಡೆಯುತ್ತದೆ. ಮೊದಲ ದಿನ ಬಿರಿಯಾನಿ, ಕೇಕ್ ಕಳಿಸಬೇಡಿ. ಮಗುವಿಗೆ ರೂಢಿ ಇರುವುದು ರೊಟ್ಟಿಯೋ ಮುದ್ದೆಯೋ, ಮಾಂಸ ತಿನ್ನುವ ಮನೆಯದೋ ಅಲ್ಲವೋ ಎಂದು ಮೊದಲು ಕೇಳಿ. ಲಿಂಗಾಯತರ ಮನೆಯಿಂದ ಬಂದ ಮಗುವಿಗೆ ಕೋಳಿಸಾರು ಬಡಿಸಿದರೆ ಅದು ಉಪವಾಸ ಮಲಗುತ್ತದೆ, ಕಾರಣವನ್ನೂ ಹೇಳುವುದಿಲ್ಲ.

ದಿಂಬಿನ ಕೆಳಗೆ ಒಣಗಿದ ರೊಟ್ಟಿ ಸಿಗಬಹುದು. ಕಳ್ಳತನ ಎಂದುಕೊಂಡವರು ಗದರುತ್ತಾರೆ. ಹಸಿವು ಕಂಡ ಮಗುವಿಗೆ ನಾಳೆಯ ಊಟದ ಮೇಲೆ ನಂಬಿಕೆ ಇರುವುದಿಲ್ಲ, ಅಷ್ಟೇ. ಕೈಗೆಟಕುವ ಕಡೆ ಒಂದು ಡಬ್ಬಿಯಲ್ಲಿ ಮಂಡಕ್ಕಿ, ಹುರಿಗಡಲೆ, ಪಕ್ಕದಲ್ಲಿ ಬಾಳೆಹಣ್ಣು ಇಟ್ಟು "ಕೇಳದೇ ತಗೋಬಹುದು" ಎಂದು ಹೇಳಿ. ಡಬ್ಬಿ ಖಾಲಿಯಾಗಲು ಬಿಡಬೇಡಿ. ಸಾಮಾನ್ಯವಾಗಿ ಬಚ್ಚಿಡುವುದು ತಾನಾಗಿ ಕಡಿಮೆಯಾಗುತ್ತಾ ಬರುತ್ತದೆ.

"ಅಮ್ಮ ಅನ್ನು" ಎಂದು ಒತ್ತಾಯ ಬೇಡ. ಅದಕ್ಕೊಬ್ಬಳು ಅವ್ವ ಇದ್ದಾಳೆ ಅಥವಾ ಇದ್ದಳು. ದೊಡ್ಡಮ್ಮ, ಚಿಕ್ಕಮ್ಮ, ಆಂಟಿ, ಅದರ ಬಾಯಿಗೆ ಬಂದದ್ದು ಸಾಕು.

ಆಸ್ಪತ್ರೆಯ ಹೊಣೆ ಹೊತ್ತವರು ಮೊದಲ ವಾರದಲ್ಲೇ ಜಿಲ್ಲಾ ಆಸ್ಪತ್ರೆಗೆ (ದಾವಣಗೆರೆಯಲ್ಲಿ ಚಿಗಟೇರಿ ಆಸ್ಪತ್ರೆ) ಪೋಷಕರ ಜೊತೆ ಹೋಗಲಿ. ತೂಕ, ಎತ್ತರ, ರಕ್ತಹೀನತೆ, ಕಣ್ಣು, ಕಿವಿ, ಹಲ್ಲು ನೋಡಿಸಿ. ಲಸಿಕೆ ಕಾರ್ಡ್ ಇಲ್ಲದಿದ್ದರೆ ವೈದ್ಯರಿಗೆ ಹೇಳಿ. ಐದಾರು ವರ್ಷಕ್ಕೆ ಡಿಪಿಟಿ ಬೂಸ್ಟರ್, 10 ಮತ್ತು 16ಕ್ಕೆ ಟಿಡಿ ಲಸಿಕೆ ಸರದಿಯಲ್ಲಿವೆ. ಪಾಠ ತಲೆಗೆ ಹತ್ತುವುದಿಲ್ಲ ಎನಿಸಿಕೊಂಡ ಮಗುವಿಗೆ ಬೇಕಿದ್ದದ್ದು ಒಂದು ಕನ್ನಡಕ ಅಥವಾ ಕಿವಿ ಸೋರುವುದಕ್ಕೆ ಔಷಧ ಆಗಿರಬಹುದು.

ಶಾಲೆ ಮತ್ತು ಹಣ

ಟಿ.ಸಿ. ಬರಲಿ ಎಂದು ಮಗುವನ್ನು ಮನೆಯಲ್ಲಿ ಕೂರಿಸಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನಂತೆ ಟಿ.ಸಿ. ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ. 6ರಿಂದ 14 ವರ್ಷದ ಮಗುವಿಗೆ ವಯಸ್ಸಿಗೆ ತಕ್ಕ ತರಗತಿ ಸಿಗಬೇಕು. ಹಳೇ ಶಾಲೆಯ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವಿನ ಸಂಖ್ಯೆ) ಹುಡುಕಿದರೆ ಅರ್ಧ ಕೆಲಸ ಮುಗಿದಂತೆ. ಹೆತ್ತವರ ಕಡೆಯಿಂದ ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬರೆದಿಟ್ಟುಕೊಳ್ಳಿ. ವಿದ್ಯಾರ್ಥಿವೇತನಕ್ಕೆ ಬೇಕಾಗುತ್ತದೆ, ಮುಂದೆ ಕಾಲೇಜಿಗೂ ಬೇಕಾಗುತ್ತದೆ.

ಮನೆಪಾಠ ವಾರಕ್ಕೆ ನಾಲ್ಕು ಸಂಜೆ, ಒಂದು ಗಂಟೆ, ಪೋಷಕರ ನಡುಮನೆಯಲ್ಲೇ. ಯುವಜನ ಸಭೆಯ ಹುಡುಗರು ಸರದಿಯಲ್ಲಿ ಬರುವುದಕ್ಕಿಂತ ಒಬ್ಬರೇ ಕಾಯಂ ಬರುವುದು ಒಳ್ಳೆಯದು. ದಿನಕ್ಕೊಂದು ಮುಖ ಬದಲಾದರೆ ಮಗು ಓದುವುದಿಲ್ಲ, ಮುಖಗಳನ್ನು ಅಳೆಯುತ್ತಾ ಕೂರುತ್ತದೆ.

ಇನ್ನು 4,000 ರೂಪಾಯಿ. ಪೋಷಕತ್ವ, ಪ್ರಾಯೋಜಕತ್ವದ ಅನುಮೋದನಾ ಸಮಿತಿ ಒಪ್ಪಿದ ಮೇಲೂ ಹಣ ತಡವಾಗುವುದುಂಟು. ಅದಕ್ಕೆ ಮೂರು ತಿಂಗಳ ಮೊತ್ತ, 12,000 ರೂಪಾಯಿ, ಸಭೆಯ ಬಳಿ ಪ್ರತ್ಯೇಕವಾಗಿ ಇರಲಿ. ಇಪ್ಪತ್ತು ಮನೆ ತಿಂಗಳಿಗೆ ನೂರರಂತೆ ಕೊಟ್ಟರೆ ಆರು ತಿಂಗಳಲ್ಲಿ ಕೂಡುತ್ತದೆ. ಸರ್ಕಾರದ ಹಣ ಬಂದಾಗ ವಾಪಸ್ ಕೇಳಬೇಕೇ ಬೇಡವೇ ಎಂಬುದನ್ನು ಮೊದಲೇ ತೀರ್ಮಾನಿಸಿ ಬರೆದಿಡಿ. ಆಮೇಲೆ ಕೇಳಿದರೆ ಸಂಬಂಧ ಕೆಡುತ್ತದೆ. ಮಗುವಿನ ಸರ್ಕಾರಿ ಹಣ ಚರ್ಚಿನ ಖಾತೆಗೆ ಯಾವ ಕಾರಣಕ್ಕೂ ಬರಬಾರದು.

ಧರ್ಮದ ಮಾತು

ಮಗು ಹಿಂದೂ ಅಥವಾ ಮುಸ್ಲಿಂ ಮನೆಯದಾದರೆ ಅದು ಹಾಗೆಯೇ ಉಳಿಯುತ್ತದೆ. ದೀಕ್ಷಾಸ್ನಾನ ಕೊಡಿಸುವಂತಿಲ್ಲ, ಹೆಸರು ಬದಲಿಸುವಂತಿಲ್ಲ, ಕೈಯ ದಾರ, ಕೊರಳಿನ ತಾಯತ, ಹಣೆಯ ವಿಭೂತಿ ತೆಗೆಸುವಂತಿಲ್ಲ. ಭಾನುವಾರ ಮನೆಯವರೆಲ್ಲ ಚರ್ಚಿನ ಬಲಿಪೂಜೆಗೆ (ಭಾನುವಾರದ ಆರಾಧನೆಗೆ) ಹೊರಟರೆ ಮಗುವಿನ ಜೊತೆ ಯಾರಿರುತ್ತಾರೆ ಎಂಬುದನ್ನು ಅರ್ಜಿ ಹಾಕುವಾಗಲೇ ರಕ್ಷಣಾಧಿಕಾರಿಯ ಜೊತೆ ಮಾತಾಡಿ. ಯುಗಾದಿಗೆ ಬೇವುಬೆಲ್ಲ, ರಂಜಾನಿಗೆ ಹೊಸಬಟ್ಟೆ ಸಿಗುವಂತೆ ನೋಡಿಕೊಳ್ಳಿ. ಸಭೆಯಲ್ಲಿ ಕೆಲವರಿಗೆ ಇದು ಕಹಿ. ಅವರಿಗೊಂದು ಪ್ರಶ್ನೆ ಹಾಕಿ: ನಿಮ್ಮ ಮೊಮ್ಮಗ ಬೇರೆಯವರ ಮನೆಯಲ್ಲಿ ಬೆಳೆಯುವ ಕಾಲ ಬಂದರೆ ಅವನ ಕೊರಳಿನ ಶಿಲುಬೆ ಉಳಿಯಬೇಕೋ ಬೇಡವೋ?

ಗುಟ್ಟು

ಬಾಲ ನ್ಯಾಯ ಕಾಯ್ದೆಯ 74ನೇ ಕಲಮು ಮಗುವಿನ ಹೆಸರು, ಫೋಟೋ, ಶಾಲೆ, ವಿಳಾಸ, ಗುರುತು ಸಿಗುವ ಯಾವುದೇ ವಿವರ ಮಾಧ್ಯಮದಲ್ಲಿ ಬಾರದಂತೆ ತಡೆಯುತ್ತದೆ. ಮೀರಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಚರ್ಚಿನ ವಾಟ್ಸಾಪ್ ಗುಂಪನ್ನೂ ಮಾಧ್ಯಮವೆಂದೇ ಭಾವಿಸಿ ನಡೆಯಿರಿ. ಕ್ರಿಸ್ಮಸ್ ವೇದಿಕೆಗೆ ಮಗುವನ್ನು ಹತ್ತಿಸಿ ಪರಿಚಯ ಮಾಡಿಸುವುದು, ಅದರ ಕಷ್ಟವನ್ನು ಸಾಕ್ಷಿಯಾಗಿ ಹೇಳುವುದು, ಪ್ರಾರ್ಥನಾ ಪಟ್ಟಿಯಲ್ಲಿ ಹೆಸರು ಹಾಕುವುದು, ಎಲ್ಲವೂ ನಿಷಿದ್ಧ. ಯಾರಾದರೂ ಕೇಳಿದರೆ "ನಮ್ಮ ಮನೆಯ ಮಗು" ಎಂದರೆ ಮುಗಿಯಿತು. ಸೆಪ್ಟೆಂಬರ್ 8ರ ಹರಿಹರದ ಆರೋಗ್ಯಮಾತೆ ಹಬ್ಬಕ್ಕೆ ಮೊದಲ ವರ್ಷ ಕರೆದೊಯ್ಯದಿರುವುದೇ ಲೇಸು. ಆ ಜನಜಂಗುಳಿಯಲ್ಲಿ ಕೈ ತಪ್ಪಿದರೆ ಹುಡುಕುವುದು ಕಷ್ಟ, ಎಲ್ಲರ ಕೈಯಲ್ಲೂ ಕ್ಯಾಮೆರಾ ಬೇರೆ.

ನಾಲ್ಕನೇ ತಿಂಗಳು

ಹದಿಮೂರನೇ ವಾರಕ್ಕೆ ಡಬ್ಬಿ ನಿಲ್ಲುತ್ತದೆ. ಅಲ್ಲಿಂದ ವರ್ಷ ತುಂಬುವವರೆಗೆ ಪ್ರತಿ ಬುಧವಾರ ಒಬ್ಬರೇ ವ್ಯಕ್ತಿ ಪೋಷಕ ತಾಯಿಗೆ ಫೋನ್ ಮಾಡಲಿ. "ಎಲ್ಲಾ ಚೆನ್ನಾಗಿದೆಯಾ" ಎಂದು ಕೇಳಿದರೆ "ಹ್ಞೂಂ" ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಹೀಗೆ ಕೇಳಿ: ಈ ವಾರ ನೀವು ಎಷ್ಟು ರಾತ್ರಿ ನಿದ್ದೆ ಮಾಡಿದಿರಿ? ಮಗುವಿನ ಮೇಲೆ ಯಾವಾಗ ಸಿಟ್ಟು ಬಂತು? ಮನೆಯ ಸ್ವಂತ ಮಕ್ಕಳು ಏನಂತಾರೆ?

ಈ ಹೊತ್ತಿಗೆ ಮಗು ತಿರುಗಿ ಬೀಳುವುದು ಸಾಮಾನ್ಯ. ಮೊದಲ ತಿಂಗಳ ಒಳ್ಳೆಯತನ ಅಂಜಿಕೆಯದು. ಈಗ ಸುರಕ್ಷಿತ ಎನ್ನಿಸಿದ್ದಕ್ಕೇ ಅಳು, ಹಟ, ತಟ್ಟೆ ಎಸೆಯುವುದು. "ಇಷ್ಟು ಮಾಡಿದರೂ ಹೀಗೆ" ಎಂದು ಪೋಷಕರು ಕುಸಿಯುತ್ತಾರೆ. ತಿಂಗಳಿಗೆ ಎರಡು ಶನಿವಾರ ಮಧ್ಯಾಹ್ನ ತಂಡದ ಇಬ್ಬರು ಅದೇ ಮನೆಗೆ ಹೋಗಿ ಮಗುವಿನ ಜೊತೆ ಇರಲಿ, ಗಂಡಹೆಂಡತಿ ಮೂರು ಗಂಟೆ ಹೊರಗೆ ಹೋಗಿಬರಲಿ. ಮಗುವನ್ನು ಬೇರೆ ಮನೆಯಲ್ಲಿ ರಾತ್ರಿ ಉಳಿಸಬೇಕಾದರೆ ರಕ್ಷಣಾಧಿಕಾರಿಯ ಒಪ್ಪಿಗೆ ಇಲ್ಲದೆ ಬೇಡ. ಪೋಷಕ ಮನೆಯ ತಪಾಸಣೆಯನ್ನು ಮಕ್ಕಳ ಕಲ್ಯಾಣ ಸಮಿತಿ ಪ್ರತಿ ತಿಂಗಳೂ ಮಾಡಬೇಕೆಂದು ಬಾಲ ನ್ಯಾಯ ಕಾಯ್ದೆಯೇ ಹೇಳುತ್ತದೆ. ಆಗ ತೊಂದರೆ ಮುಚ್ಚಿಡದೆ ಹೇಳಲು ಪೋಷಕರಿಗೆ ಧೈರ್ಯ ತುಂಬಿ. ಆಪ್ತಸಮಾಲೋಚಕರು ಸಿಗುವುದು ಆ ದಾರಿಯಿಂದಲೇ.

ಹೆತ್ತ ಮನೆ

ಸಭೆಗಳು ಮರೆಯುವುದು ಇದನ್ನು. ಕುಡಿತ, ಕಾಯಿಲೆ, ದುಡಿಯಲು ಊರು ಬಿಟ್ಟು ಹೋದದ್ದು, ಇಂಥ ಕಾರಣಗಳಿಂದ ಎಷ್ಟೋ ಮನೆ ಒಡೆದಿರುತ್ತದೆ. ತಾಯಿ ಬದುಕಿದ್ದು ಸಮಿತಿ ಒಪ್ಪಿದರೆ ಮಗುವನ್ನು ನೋಡಲು ಬರಬಹುದು, ಸ್ಥಿತಿ ಸುಧಾರಿಸಿದರೆ ಮಗು ಅವಳ ಬಳಿಗೇ ಹೋಗುತ್ತದೆ. ಜಗಳೂರಿನಿಂದಲೋ ಮೊಳಕಾಲ್ಮುರಿನಿಂದಲೋ ಬರುವ ತಾಯಿಗೆ ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚಿಲ್ಲ. ಖರ್ಚಾಗುವುದು ಅವಳ ಒಂದು ದಿನದ ಕೂಲಿ. ಅದನ್ನು ಸಭೆ ತುಂಬಿಕೊಡಬಹುದು. ಪಡಿತರ ಚೀಟಿ, ವಿಧವಾ ವೇತನ, ಗೃಹಲಕ್ಷ್ಮಿಯ 2,000 ರೂಪಾಯಿ ಅವಳಿಗೆ ಬರುತ್ತಿದೆಯೇ ನೋಡಿ, ಇಲ್ಲದಿದ್ದರೆ ಕಾಗದಪತ್ರದವರು ಅವಳ ಜೊತೆ ಸಂಬಂಧಪಟ್ಟ ಕಚೇರಿಗೆ ಹೋಗಲಿ. ಮಗು ಮನೆ ಬಿಡುವ ಮೊದಲೇ ಈ ಕೆಲಸ ಆಗಿದ್ದರೆ, ಪ್ರಾಯೋಜಕತ್ವ ಸಿಕ್ಕಿದ್ದರೆ, ಎಷ್ಟೋ ಮಕ್ಕಳಿಗೆ ಪೋಷಕತ್ವವೇ ಬೇಕಿರಲಿಲ್ಲ. ನಿಮ್ಮ ಸಭೆಗೆ ಪೋಷಕ ಕುಟುಂಬ ಸಿಗದಿದ್ದರೆ ಇದೊಂದನ್ನೇ ಮಾಡಿ.

ಮಗು ಹೊರಡುವ ದಿನ ಗೊತ್ತಾದರೆ ಎರಡು ವಾರ ಮೊದಲೇ ಅದಕ್ಕೆ ಹೇಳಿ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ಲಸಿಕೆ ಕಾರ್ಡ್, ಅಂಕಪಟ್ಟಿ, ಆಸ್ಪತ್ರೆಯ ಚೀಟಿ, ಹತ್ತು ಹನ್ನೆರಡು ಪ್ರಿಂಟ್ ಹಾಕಿಸಿದ ಫೋಟೋ, ಇಷ್ಟನ್ನು ಆ ಜಿಪ್ ಚೀಲದಲ್ಲಿ ಇಡಿ. ಕೊಟ್ಟ ಬಟ್ಟೆ, ಸೈಕಲ್ ಮಗುವಿನದೇ, ವಾಪಸ್ ಇಟ್ಟುಕೊಳ್ಳಬೇಡಿ. ಮರಳುವ ಸ್ಥಿತಿಯೇ ಇಲ್ಲವೆಂದಾದರೆ, ಎರಡು ವರ್ಷ ಸಾಕಿದ ಮೇಲೆ ಅದೇ ಕುಟುಂಬ ದತ್ತಿಗೆ ಕೇಳಲು 2024ರ ಮಾರ್ಗಸೂಚಿ ಅವಕಾಶ ಕೊಟ್ಟಿದೆ. ಮೊದಲು ಇದು ಐದು ವರ್ಷ ಇತ್ತು.

ಮಗು ಹೋದ ಸಂಜೆ ಆ ಮನೆ ತಣ್ಣಗಿರುತ್ತದೆ. ಊಟದ ಸರದಿ ನೋಡಿಕೊಂಡವರು ಅಂದು ಮತ್ತೆ ಡಬ್ಬಿ ಕಳಿಸಲಿ, ಒಂದು ವಾರ.